ಏರಿಳಿತದ ವೇಗಕ್ಕೊಂದು ಮಿತಿ: ನೆಟ್‌ವರ್ಕ್ ಕಾವಲಿನಲ್ಲಿ ಎಚ್ಚರಿಕೆಗಳನ್ನು ನಿಗದಿಪಡಿಸುವ ಕ್ರಮ

ಕಾಲೇಜಿನದಾಗಲಿ, ಆಸ್ಪತ್ರೆಯದಾಗಲಿ, ಸಹಕಾರಿ ಬ್ಯಾಂಕಿನದಾಗಲಿ, ಒಂದು ನೆಟ್‌ವರ್ಕಿನ ಯೋಗಕ್ಷೇಮವನ್ನು ನೋಡಿಕೊಳ್ಳುವ ಹೊಣೆ ಹೊತ್ತವರನ್ನು ಪರಸ್ಪರ ವಿರುದ್ಧವಾದ ಎರಡು ಸಂಕಟಗಳು ಕಾಡುವುದುಂಟು: ಒಂದು, ಏನೂ ಕೆಟ್ಟಿಲ್ಲದ ರಾತ್ರಿಯಲ್ಲಿ ಗಂಟೆಗೆ ನಾಲ್ಕು ಬಾರಿ ಫೋನು ಬಡಿದುಕೊಂಡು, ಕಡೆಗೆ ಬೇಸತ್ತು ಅದರ ಸದ್ದನ್ನೇ ಅಡಗಿಸಿ ಮಲಗುವಂತಾಗುವುದು, ಇನ್ನೊಂದು, ನಿಜವಾಗಿಯೂ ಕೆಟ್ಟ ದಿನ ಯಾವ ಎಚ್ಚರಿಕೆಯೂ ಬಾರದೆ, ಬೆಳಗ್ಗೆ ಕಚೇರಿಯವರ ಬಾಯಿಂದ ಸುದ್ದಿ ಕೇಳಬೇಕಾಗುವುದು. ಎರಡನೆಯದನ್ನು ನಾನು ಅನುಭವಿಸಿದ್ದೇನೆ. ನಾನು ಕೆಲಸ ಮಾಡುತ್ತಿದ್ದ ಕಾಲೇಜಿನಲ್ಲಿ ಒಂದು ಭಾನುವಾರ ರಾತ್ರಿ 8 ಗಂಟೆ 40 ನಿಮಿಷದ ಸುಮಾರಿಗೆ, ಸೆಕೆಂಡಿಗೆ 310 ಮೆಗಾಬಿಟ್‌ನಂತೆ ಹರಿದುಬರುತ್ತಿದ್ದ ದಟ್ಟಣೆಯು ಹತ್ತೇ ನಿಮಿಷದಲ್ಲಿ 14ಕ್ಕೆ ಕುಸಿಯಿತು. ಸಂಪರ್ಕ ಒದಗಿಸುವವರ ಕಡೆಯ ರೂಟರಿನಲ್ಲಿ ಕೆಲವು ಮಾರ್ಗಗಳು ಕಳಚಿಹೋಗಿದ್ದವು. ನಮ್ಮ ಕಡೆಯ ಪೋರ್ಟಿನ ದೀಪ ಮಾತ್ರ ಹಸಿರಾಗಿಯೇ ಮಿನುಗುತ್ತಿತ್ತು. ದಟ್ಟಣೆಯು ಲಿಂಕಿನ ಸಾಮರ್ಥ್ಯದಲ್ಲಿ ಶೇಕಡ 80ನ್ನು ಮೀರಿದರೆ ತಿಳಿಸತಕ್ಕದ್ದೆಂಬ ಒಂದೇ ಒಂದು ಎಚ್ಚರಿಕೆಯನ್ನು ನಾನು ಇಟ್ಟಿದ್ದೆನಾದ್ದರಿಂದ, ಕುಸಿದ ದಟ್ಟಣೆ ಆ ಮಿತಿಯ ಹತ್ತಿರಕ್ಕೂ ಬಾರದೆ, ತಂತ್ರಾಂಶವು ತನಗೆ ಹೇಳಿದಂತೆಯೇ ನಡೆದುಕೊಂಡು ಮೌನವಾಗಿತ್ತು. ಪರೀಕ್ಷಾ ಶುಲ್ಕ ಕಟ್ಟಲು ಅದೇ ಕೊನೆಯ ರಾತ್ರಿಯೆಂದು ಕಾದಿದ್ದ ಹಾಸ್ಟೆಲಿನ ಮಕ್ಕಳು ತೆರೆಯದ ಪುಟದ ಮುಂದೆ ನಡುರಾತ್ರಿಯವರೆಗೆ ಕುಳಿತಿದ್ದರು. ಬದಲಾವಣೆಯ ವೇಗದ ಮೇಲೊಂದು ಕಾವಲು ಆ ದಿನ ಇದ್ದಿದ್ದರೆ 9 ಗಂಟೆಯ ಹೊತ್ತಿಗೆ ನಾನು ಎದ್ದು ಫೋನು ಹಿಡಿಯುತ್ತಿದ್ದೆ.

ಮಟ್ಟಕ್ಕೂ ವೇಗಕ್ಕೂ ಇರುವ ಭೇದವನ್ನು ಕನ್ನಡದ ಪತ್ರಿಕೆ ಓದುವವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಮುಂಗಾರಿನ ದಿನಗಳಲ್ಲಿ ಅಚ್ಚಾಗುವ ಜಲಾಶಯಗಳ ಪಟ್ಟಿಯಲ್ಲಿ ಗರಿಷ್ಠ ಮಟ್ಟ, ಇಂದಿನ ಮಟ್ಟಗಳ ಪಕ್ಕದಲ್ಲಿಯೇ ಒಳಹರಿವು, ಹೊರಹರಿವು ಎಂಬ ಅಂಕಣಗಳಿರುತ್ತವೆ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ 110 ಅಡಿಯಷ್ಟೇ ಇದ್ದರೂ, ಕೊಡಗಿನಲ್ಲಿ ಮಳೆ ಹಿಡಿದು ಒಳಹರಿವು ಒಂದೇ ದಿನದಲ್ಲಿ ಇಮ್ಮಡಿಯಾದರೆ ಅಣೆಕಟ್ಟಿನವರು ಅಂದೇ ಎಚ್ಚರಗೊಳ್ಳುತ್ತಾರೆಯೇ ಹೊರತು ನೀರು ಅಂಚಿಗೆ ಬರಲೆಂದು ಕಾಯುವುದಿಲ್ಲ. ನೆಟ್‌ವರ್ಕಿನ ಕಾವಲಿಗೂ ಈ ವಿವೇಕ ಹಳೆಯದೇ. ಜಾಲದ ಉಪಕರಣಗಳಿಂದ ಅಂಕಿಗಳನ್ನು ಕೇಳಿ ಪಡೆಯುವ ಎಸ್‌ಎನ್‌ಎಂಪಿ ಎಂಬ ಸಂವಹನ ನಿಯಮ 1988ರಲ್ಲಿ ಪ್ರಕಟವಾಯಿತು. 1991ರಲ್ಲಿ ಬಂದ ಆರ್‌ಮಾನ್ ಎಂಬ ವಿಸ್ತರಣೆಯಲ್ಲಿಯೇ, ಒಂದು ಅಂಕಿಯನ್ನು ಇದ್ದಂತೆ ಅಳೆಯುವುದೋ ಹಿಂದಿನ ಅಳತೆಯಿಂದ ಆದ ವ್ಯತ್ಯಾಸವನ್ನು ಅಳೆಯುವುದೋ ಎಂದು ಆರಿಸಿಕೊಳ್ಳುವ ಅವಕಾಶವೂ, ಏರುಮಿತಿ ಇಳಿಮಿತಿಗಳೆಂಬ ಜೋಡಿಯೂ ಇದ್ದವು. ಇಂದು ಬಳಕೆಯಲ್ಲಿರುವ ಜಬಿಕ್ಸ್, ಪ್ರೊಮಿಥಿಯಸ್ ಮೊದಲಾದ ತಂತ್ರಾಂಶಗಳಲ್ಲಿ ಸಲಕರಣೆಗಳು ಹೇರಳವಾಗಿವೆ. ಮಿತಿಯನ್ನು ಎಲ್ಲಿಡಬೇಕೆಂಬ ನಿರ್ಣಯ ಮಾತ್ರ ನಮ್ಮ ಪಾಲಿಗೇ ಉಳಿದಿದೆ.

ಯಾವುದರ ವೇಗ?

ಕೆಲಸಕ್ಕೆ ತೊಡಗುವ ಮೊದಲು ಒಂದು ಭೇದವನ್ನು ಮನಸ್ಸಿನಲ್ಲಿ ಸ್ಪಷ್ಟಪಡಿಸಿಕೊಳ್ಳಿ. ಉಪಕರಣಗಳು ಕೊಡುವ ಅಂಕಿಗಳಲ್ಲಿ ಎರಡು ಜಾತಿ. ಸ್ವಿಚ್ಚಿನ ಪೋರ್ಟಿನಲ್ಲಿ ಒಳಬಂದ ಬೈಟುಗಳ ಎಣಿಕೆ ಕೌಂಟರ್ ಜಾತಿಯದು. ಮನೆಯ ವಿದ್ಯುತ್ ಮೀಟರಿನಂತೆ ಅದು ಏರುತ್ತಲೇ ಹೋಗುತ್ತದೆ. ಪ್ರೊಸೆಸರಿನ ಬಿಸಿ, ಡಿಸ್ಕಿನಲ್ಲಿ ಉಳಿದ ಜಾಗ, ಮೆಮೊರಿಯ ಬಳಕೆ, ಇವು ಗೇಜ್ ಜಾತಿಯವು, ಏರುತ್ತವೆ, ಇಳಿಯುತ್ತವೆ. ಗೇಜಿನ ಎರಡು ಅಳತೆಗಳ ವ್ಯತ್ಯಾಸವನ್ನು ಕಾಲದಿಂದ ಭಾಗಿಸಿದರೆ ಬದಲಾವಣೆಯ ವೇಗ ನೇರವಾಗಿ ದೊರೆಯುತ್ತದೆ. ಕೌಂಟರನ್ನು ಹಾಗೆ ಭಾಗಿಸಿದಾಗ ದೊರೆಯುವುದು ದಟ್ಟಣೆ ಮಾತ್ರ. ಆ ದಟ್ಟಣೆ ಎಷ್ಟು ಬೇಗ ಏರಿತು, ಎಷ್ಟು ಬೇಗ ಕುಸಿಯಿತು ಎಂಬುದನ್ನು ತಿಳಿಯಬೇಕಾದರೆ ಇನ್ನೊಮ್ಮೆ ವ್ಯತ್ಯಾಸ ತೆಗೆಯಬೇಕು. ಶಾಲೆಯ ಭೌತಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು ವೇಗ, ಎರಡನೆಯದು ವೇಗೋತ್ಕರ್ಷ. ತಂತ್ರಾಂಶದಲ್ಲಿ ರೇಟ್ ಎಂಬ ಹೆಸರಿನ ಗುಂಡಿಯನ್ನು ಒತ್ತಿ ವೇಗೋತ್ಕರ್ಷಕ್ಕೆ ಮಿತಿಯಿಟ್ಟೆವೆಂದು ಭಾವಿಸುವವರನ್ನು ನಾನು ಎಷ್ಟೋ ಮಂದಿಯನ್ನು ಕಂಡಿದ್ದೇನೆ. ಅವರು ಇಟ್ಟಿರುವುದು ದಟ್ಟಣೆಯ ಮಟ್ಟಕ್ಕೊಂದು ಮಿತಿ, ಅಷ್ಟೇ. ಪೋರ್ಟಿನಲ್ಲಿ ಕಾಣಿಸಿಕೊಳ್ಳುವ ದೋಷಗಳ ಎಣಿಕೆಯಾದರೋ ಬೇರೆ ಸ್ವಭಾವದ್ದು: ಆರೋಗ್ಯವಂತವಾದ ಫೈಬರ್ ಲಿಂಕಿನಲ್ಲಿ ಅದು ಹೆಚ್ಚುಕಡಮೆ ನಿಶ್ಚಲವಾಗಿರಬೇಕಾದ್ದರಿಂದ, ಅಲ್ಲಿ ಒಂದೇ ವ್ಯತ್ಯಾಸ ಸಾಕು, ವೇಗೋತ್ಕರ್ಷದ ಅಗತ್ಯವಿಲ್ಲ.

ಮೊದಲು ಅವಧಿ, ಆಮೇಲೆ ಅಂಕಿ

ಎಷ್ಟು ಏರಿದರೆ ಎಚ್ಚರಿಸಬೇಕೆಂಬ ಪ್ರಶ್ನೆಯೊಂದಿಗೆ ಎಲ್ಲರೂ ಆರಂಭಿಸುತ್ತಾರೆ. ಎಷ್ಟು ಹೊತ್ತಿನಲ್ಲಿ ಏರಿದರೆ ಎಂಬ ಪ್ರಶ್ನೆ ಅದಕ್ಕಿಂತ ಹಿಂದಿನದು. ಈ ಲೇಖನದಿಂದ ವಾಚಕರು ಒಂದನ್ನೇ ನೆನಪಿನಲ್ಲಿಡುವುದಾದರೆ ಇದನ್ನಿಡಲೆಂದು ನನ್ನ ಆಸೆ. ಒಂದು ನಿಮಿಷದ ಅವಧಿಯಲ್ಲಿ ದಟ್ಟಣೆ 200 ಮೆಗಾಬಿಟ್‌ನಿಂದ 260ಕ್ಕೆ ಹೋಗುವುದು ಯಾರೋ ಒಬ್ಬರು ದೊಡ್ಡ ಕಡತವೊಂದನ್ನು ಇಳಿಸಿಕೊಂಡರೂ ಆಗುವ ಮಾತು. ಅದೇ 60 ಮೆಗಾಬಿಟ್‌ನ ಏರಿಕೆ ನಡುರಾತ್ರಿಯಲ್ಲಿ ಅರ್ಧ ಗಂಟೆ ಸ್ಥಿರವಾಗಿ ನಿಂತರೆ ಯಾವುದೋ ಯಂತ್ರ ತನ್ನದಲ್ಲದ ಕೆಲಸದಲ್ಲಿ ತೊಡಗಿರಬಹುದು. ಅವಧಿ ಚಿಕ್ಕದಾದಷ್ಟೂ ಎಚ್ಚರಿಕೆ ಶೀಘ್ರವಾಗಿ ಬರುತ್ತದೆ, ಆದರೆ ಚಂಚಲವಾಗುತ್ತದೆ. ದೊಡ್ಡದಾದಷ್ಟೂ ಗಂಭೀರವಾಗುತ್ತದೆ, ಆದರೆ ತಡವಾಗುತ್ತದೆ.

ಇವೆರಡರ ನಡುವೆ ಎಲ್ಲಿ ನಿಲ್ಲಬೇಕೆಂಬುದನ್ನು ತಂತ್ರಾಂಶದ ಪೂರ್ವನಿಯೋಜಿತ ಅಂಕಿಗೆ ಬಿಡದೆ, ಈ ದೋಷವನ್ನು ಎಷ್ಟು ಹೊತ್ತು ಯಾರೂ ಗಮನಿಸದಿದ್ದರೆ ಯಾರಿಗಾದರೂ ನಷ್ಟವಾದೀತು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಮುಖ್ಯ ಸಂಪರ್ಕದ ಕುಸಿತಕ್ಕೆ ಹತ್ತು ನಿಮಿಷ. ಫೈಬರಿನ ದೋಷಗಳಿಗೆ ಹದಿನೈದು. ಡಿಸ್ಕು ತುಂಬುವುದಕ್ಕೆ ಆರು ಗಂಟೆ. ನಿಧಾನವಾಗಿ ಮೆಮೊರಿಯನ್ನು ನುಂಗುವ ಪ್ರೋಗ್ರಾಮಿಗೆ ಒಂದು ವಾರವಾದರೂ ಸರಿಯೇ. ಹಾಗೆ ಆರಿಸಿದ ಅವಧಿಯೊಳಗೆ ಕಡಮೆಯೆಂದರೆ ನಾಲ್ಕು ಅಳತೆಗಳಾದರೂ ಬೀಳುವಂತಿರಬೇಕು. ಐದು ನಿಮಿಷಕ್ಕೊಮ್ಮೆ ಅಳೆಯುವ ವ್ಯವಸ್ಥೆಯಲ್ಲಿ ಹತ್ತು ನಿಮಿಷದ ಅವಧಿಯನ್ನಿಟ್ಟರೆ ಎರಡು ಅಳತೆಗಳ ಮೇಲೆ ತೀರ್ಪು ಕೊಟ್ಟಂತಾಗಿ, ನಡುವೆ ಒಂದು ಅಳತೆ ತಪ್ಪಿಹೋದರೆ ತೀರ್ಪಿಗೆ ಆಧಾರವೇ ಉಳಿಯದು. ಆದಕಾರಣ ಅವಧಿಯನ್ನು ಕಿರಿದಾಗಿಸಬೇಕಾದಲ್ಲಿ ಮೊದಲು ಅಳೆಯುವ ಅಂತರವನ್ನು ಕಿರಿದಾಗಿಸಿ.

ಮಿತಿಯನ್ನು ಕಟ್ಟುವ ಕ್ರಮ

1. ಹಳೆಯ ದಾಖಲೆಯನ್ನು ಓದಿ. ಮುಖ್ಯವಾದ ಒಂದೇ ಪೋರ್ಟನ್ನು ಆರಿಸಿಕೊಂಡು ಅದರ ನಾಲ್ಕು ವಾರಗಳ ಅಳತೆಗಳನ್ನು ತೆಗೆಯಿರಿ. ಐದು ನಿಮಿಷಕ್ಕೊಂದರಂತೆ ದಿನಕ್ಕೆ 288, ಒಟ್ಟು 8064 ಅಳತೆಗಳಾಗುತ್ತವೆ. ಇಲ್ಲಿ ಎರಡು ಸಂಗತಿಗಳು ಅಡ್ಡಬರಬಹುದು. ಪ್ರೊಮಿಥಿಯಸ್ ಬೇರೆ ರೀತಿ ಹೇಳದಿದ್ದಲ್ಲಿ 15 ದಿನಗಳ ದಾಖಲೆಯನ್ನಷ್ಟೇ ಇಟ್ಟುಕೊಳ್ಳುತ್ತದೆ. ಎಂಆರ್‌ಟಿಜಿಯಂಥ ಹಳೆಯ ತಂತ್ರಾಂಶವಾದರೋ ಐದು ನಿಮಿಷದ ಅಳತೆಗಳನ್ನು ಸುಮಾರು ಎರಡು ದಿನ ಇಟ್ಟುಕೊಂಡು, ಅನಂತರ ಅವುಗಳನ್ನು ಅರ್ಧ ಗಂಟೆಯ, ಎರಡು ಗಂಟೆಯ ಸರಾಸರಿಗಳಾಗಿ ಕುಗ್ಗಿಸುತ್ತದೆ. ಸರಾಸರಿಯಾದ ದಾಖಲೆಯಲ್ಲಿ ಶಿಖರಗಳು ಸವೆದುಹೋಗಿರುತ್ತವೆ; ಅದನ್ನು ನೋಡಿ ಇಟ್ಟ ಮಿತಿ ತೀರ ಕೆಳಗೆ ಬೀಳುತ್ತದೆ. ಮೂಲ ಅಳತೆಗಳು ಉಳಿದಿಲ್ಲವಾದರೆ ಇಂದಿನಿಂದ ಉಳಿಸಿ, ಒಂದು ತಿಂಗಳು ತಾಳಿ.

2. ಸಹಿಸಬಲ್ಲ ಎಚ್ಚರಿಕೆಗಳ ಸಂಖ್ಯೆಯಿಂದ ಹಿಂದಕ್ಕೆ ಲೆಕ್ಕಹಾಕಿ. ನೀವು ಆರಿಸಿದ ಅವಧಿಗೆ ತಕ್ಕಂತೆ ವ್ಯತ್ಯಾಸಗಳನ್ನು ತೆಗೆದು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿ. ನೂರರಲ್ಲಿ ತೊಂಬತ್ತೊಂಬತ್ತು ಅಳತೆಗಳು ಒಳಗೊಳ್ಳುವಂತೆ ಮಿತಿಯನ್ನಿಟ್ಟರೆ ಕ್ಷೇಮವೆಂದು ತೋರುತ್ತದೆ. ಆದರೆ 8064ರಲ್ಲಿ ನೂರಕ್ಕೊಂದೆಂದರೆ ಸುಮಾರು 80, ಎಂದರೆ ಒಂದು ಪೋರ್ಟಿಗೆ ದಿನಕ್ಕೆ ಮೂರು ಎಚ್ಚರಿಕೆ. ನಲವತ್ತು ಪೋರ್ಟುಗಳಿದ್ದರೆ ದಿನಕ್ಕೆ ನೂರಕ್ಕೂ ಮಿಕ್ಕಿ. ಸಾವಿರಕ್ಕೊಂದರಂತೆ ಹಿಡಿದರೂ ಒಂದು ಪೋರ್ಟಿಗೆ ವಾರಕ್ಕೆ ಎರಡು. ಈ ಲೆಕ್ಕವನ್ನು ಮಾಡಿ ನೋಡಿದವರು ವೇಗದ ಕಾವಲನ್ನು ನಲವತ್ತು ಪೋರ್ಟುಗಳಿಗೂ ಇಡುವ ಮನಸ್ಸನ್ನು ತಾವಾಗಿಯೇ ಬಿಡುತ್ತಾರೆ. ಹೊರಜಗತ್ತಿನ ಸಂಪರ್ಕ, ಸರ್ವರುಗಳಿಗೆ ಹೋಗುವ ಮುಖ್ಯ ಲಿಂಕು, ಕಟ್ಟಡಗಳನ್ನು ಕೂಡಿಸುವ ಒಂದೆರಡು ಫೈಬರು, ಇಷ್ಟಕ್ಕೆ ಇಟ್ಟರೆ ಸಾಕು.

3. ಶೇಕಡವಾರಿಗೆ ಒಂದು ನೆಲಗಟ್ಟನ್ನು ಕೊಡಿ. ಬೆಳಗಿನ ಜಾವ 3 ಗಂಟೆಗೆ 2 ಮೆಗಾಬಿಟ್‌ನಿಂದ 10ಕ್ಕೆ ಏರಿದರೆ ಅದು ಶೇಕಡ 400ರ ಏರಿಕೆ. ಹಗಲಿನಲ್ಲಿ 400ರಿಂದ 600ಕ್ಕೆ ಏರಿದರೆ ಶೇಕಡ 50 ಮಾತ್ರ. ಮೊದಲನೆಯದಕ್ಕೆ ಯಾರೂ ಏಳಬೇಕಾಗಿಲ್ಲ, ಎರಡನೆಯದನ್ನು ನೋಡಬೇಕಾದೀತು. ಆದಕಾರಣ ‘ಇಷ್ಟು ಪಾಲು ಬದಲಾಗಿರಬೇಕು, ಅದರೊಂದಿಗೆ ಇಷ್ಟು ಮೆಗಾಬಿಟ್ ಆದರೂ ಬದಲಾಗಿರಬೇಕು’ ಎಂಬ ಎರಡು ನಿಬಂಧನೆಗಳೂ ಒಟ್ಟಿಗೆ ನೆರವೇರಿದಾಗ ಮಾತ್ರ ಎಚ್ಚರಿಕೆ ಹೊರಡಲಿ.

4. ಹಿಂದಿನ ಗಳಿಗೆಯೊಂದಿಗೆ ಹೋಲಿಸುವುದೋ, ಹಿಂದಿನ ವಾರದೊಂದಿಗೋ ಎಂಬುದನ್ನು ನಿರ್ಧರಿಸಿ. ಬೆಳಗ್ಗೆ 9ಕ್ಕೆ ತರಗತಿಗಳು ತೆರೆದಾಗ ದಟ್ಟಣೆ ಹಾರಿ ಏಳುವುದು ನಿತ್ಯದ ಸಂಗತಿ. ಹಿಂದಿನ ಗಳಿಗೆಯೊಂದಿಗೆ ಹೋಲಿಸುವ ನಿಯಮಕ್ಕೆ ಅದು ದಿನಂಪ್ರತಿಯ ಅನಾಹುತವಾಗಿ ಕಾಣುತ್ತದೆ. ಹೋದ ವಾರದ ಇದೇ ದಿನದ ಇದೇ ಹೊತ್ತಿನೊಂದಿಗೆ ಹೋಲಿಸಿದರೆ ಈ ತೊಂದರೆ ತಪ್ಪುತ್ತದೆ, ಆದರೆ ಹೋದ ವಾರ ದಸರಾ ರಜೆಯಿದ್ದಿದ್ದರೆ ಈ ವಾರವೆಲ್ಲ ಪ್ರವಾಹವೇ ಬಂದಂತೆ ತೋರುತ್ತದೆ. ಹಿಂದಿನ ನಾಲ್ಕು ವಾರಗಳ ಅದೇ ಹೊತ್ತಿನ ಅಳತೆಗಳ ಮಧ್ಯಾಂಕವನ್ನು ತೆಗೆದುಕೊಂಡರೆ ಒಂದು ರಜೆಯ ವಾರ ಅದನ್ನು ಹೆಚ್ಚು ಕದಲಿಸಲಾರದು. ಸರಾಸರಿಯನ್ನು ತೆಗೆದುಕೊಂಡರೆ ಕದಲಿಸುತ್ತದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಪ್ರಕಟವಾಗುವ ದಿನದಂಥ ವಿಶೇಷಗಳನ್ನು ಯಾವ ಮಧ್ಯಾಂಕವೂ ಮುಂಗಾಣಲಾರದು. ಅಂಥ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಏರಿಕೆಯ ಎಚ್ಚರಿಕೆಯನ್ನು ನೀವೇ ತಡೆಹಿಡಿಯಬೇಕು.

5. ಹಿಡಿದಿಡುವ ಕಾಲ ಮತ್ತು ಬಿಡುಗಡೆಯ ಮಿತಿ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು, ಏಕೆಂದರೆ ವೇಗದ ಕಾವಲಿನ ಅತ್ಯಂತ ಸೂಕ್ಷ್ಮವಾದ ಗಂಟು ಇಲ್ಲಿದೆ. ಮಿತಿಯನ್ನು ದಾಟಿದ ಸ್ಥಿತಿ ಇಷ್ಟು ನಿಮಿಷ ನಿಂತರೆ ಮಾತ್ರ ಎಚ್ಚರಿಸಬೇಕೆಂಬ ನಿಬಂಧನೆಯಿಂದ ಕ್ಷಣಿಕ ಕಂಪನಗಳು ಸೋಸಿಹೋಗುತ್ತವೆ, ಒಳ್ಳೆಯ ನಿಬಂಧನೆಯೇ. ಆದರೆ ಆ ಭಾನುವಾರದ ಕುಸಿತವನ್ನೇ ಕಣ್ಣಮುಂದೆ ತಂದುಕೊಳ್ಳಿ: 310 ಇದ್ದದ್ದು 14ಕ್ಕೆ ಬಿತ್ತು, ಆಮೇಲೆ 14ರಲ್ಲಿಯೇ ನಿಂತಿತು. ಹತ್ತು ನಿಮಿಷದ ಹಿಂದಿನ ಅಳತೆಯೊಂದಿಗೆ ಹೋಲಿಸುವ ನಿಯಮವು ಬೀಳುವ ಹೊತ್ತಿನಲ್ಲಿ ಮಹಾ ಇಳಿಕೆಯನ್ನು ಕಾಣುತ್ತದೆ. ಬಿದ್ದು ಹತ್ತು ನಿಮಿಷ ಕಳೆದ ಮೇಲೆ ಹಿಂದೆಯೂ 14, ಈಗಲೂ 14, ವ್ಯತ್ಯಾಸ ಸೊನ್ನೆ! ನೆಟ್‌ವರ್ಕ್ ಸತ್ತೇ ಬಿದ್ದಿರುವಾಗ ‘ದೋಷ ಪರಿಹಾರವಾಯಿತು’ ಎಂಬ ಸಂದೇಶ ಹೊರಡುತ್ತದೆ. ಇದಕ್ಕಿಂತಲೂ ಕೆಟ್ಟದ್ದು, ಹಿಡಿದಿಡುವ ಕಾಲವನ್ನು ಅವಧಿಗಿಂತ ಬಹಳ ಹೆಚ್ಚಾಗಿ, ಅರ್ಧ ಗಂಟೆಯೆಂದು ಇಟ್ಟಿದ್ದರೆ ಎಚ್ಚರಿಕೆ ಹೊರಡುವುದೇ ಇಲ್ಲ. ಅರ್ಧ ಗಂಟೆ ತುಂಬುವುದರೊಳಗೆ ವ್ಯತ್ಯಾಸ ಅಳಿಸಿಹೋಗಿರುತ್ತದೆ.

ಆದ್ದರಿಂದ ಹಿಂದಿನ ಗಳಿಗೆಯೊಂದಿಗೆ ಹೋಲಿಸುವ ನಿಯಮದಲ್ಲಿ ಹಿಡಿದಿಡುವ ಕಾಲ ಅವಧಿಯ ಅರ್ಧವನ್ನು ಮೀರದಿರಲಿ. ಬಿಡುಗಡೆಯನ್ನು ವೇಗದ ಕೈಗೆ ಕೊಡದೆ ಮಟ್ಟದ ಕೈಗೆ ಕೊಡಿ. ಆರ್‌ಮಾನ್ ಕಾಲದ ಏರುಮಿತಿ ಇಳಿಮಿತಿಗಳ ಜೋಡಿ ಇದಕ್ಕೆ ಹತ್ತಿರದ್ದು: ಒಂದು ಮಿತಿಯನ್ನು ದಾಟಿ ಎಚ್ಚರಿಕೆ ಹೊರಟ ಮೇಲೆ, ಇನ್ನೊಂದು ಮಿತಿಯನ್ನು ಎದುರು ದಿಕ್ಕಿನಲ್ಲಿ ದಾಟುವವರೆಗೆ ಅದೇ ಎಚ್ಚರಿಕೆ ಮತ್ತೆ ಹೊರಡುವಂತಿಲ್ಲ. ಜಬಿಕ್ಸ್‌ನಲ್ಲಿ ಬಿಡುಗಡೆಗೆ ಪ್ರತ್ಯೇಕವಾದ ನಿಬಂಧನೆಯನ್ನೇ ಬರೆಯಬಹುದು. ಆ ಘಟನೆಯ ತರುವಾಯ ನಾನು ಇಟ್ಟ ನಿಯಮ ಹೀಗಿತ್ತು: ಕಳೆದ ಹತ್ತು ನಿಮಿಷದ ದಟ್ಟಣೆಯು ನಾಲ್ಕು ವಾರಗಳ ಇದೇ ಹೊತ್ತಿನ ಮಧ್ಯಾಂಕದ ಅರ್ಧಕ್ಕಿಂತ ಕೆಳಗಿಳಿದು, ಕೊರತೆ 60 ಮೆಗಾಬಿಟ್‌ನಷ್ಟಾದರೂ ಇದ್ದು, ಈ ಸ್ಥಿತಿ ಹತ್ತು ನಿಮಿಷ ನಿಂತರೆ ಎಚ್ಚರಿಕೆ; ಮಧ್ಯಾಂಕದ ಮುಕ್ಕಾಲನ್ನು ಮೀರಿ ಏರಿದಾಗಲೇ ಬಿಡುಗಡೆ. ಹೋಲಿಕೆ ಹಿಂದಿನ ವಾರಗಳೊಂದಿಗೆ ಇರುವುದರಿಂದ, ಕುಸಿದು ನಿಂತ ದಟ್ಟಣೆ ಎಷ್ಟು ಹೊತ್ತು ನಿಂತರೂ ಕುಸಿದಂತೆಯೇ ಕಾಣುತ್ತದೆ.

6. ಸಂದೇಶದಲ್ಲಿ ಅಂಕಿಗಳಿರಲಿ. ‘ದಟ್ಟಣೆ ಅಸಹಜ’ ಎಂಬ ಎರಡು ಪದಗಳು ನಿದ್ದೆಗಣ್ಣಿನ ಮನುಷ್ಯನಿಗೆ ಯಾವ ಉಪಕಾರವನ್ನೂ ಮಾಡಲಾರವು. ‘ಹೊರಸಂಪರ್ಕದ ಪೋರ್ಟು: ಈಗ 14, ವಾಡಿಕೆ 305, ಹತ್ತು ನಿಮಿಷದಿಂದ, ಪೋರ್ಟು ಚಾಲೂ ಇದೆ’ ಎಂದಿದ್ದರೆ ಹಾಸಿಗೆಯಿಂದ ಏಳುವ ಮೊದಲೇ ದೋಷ ಎಲ್ಲಿರಬಹುದೆಂಬ ಊಹೆ ಮೂಡುತ್ತದೆ.

7. ಎರಡು ವಾರ ಮೂಕವಾಗಿ ನಡೆಸಿ. ಹೊಸ ನಿಯಮದ ಎಚ್ಚರಿಕೆಗಳು ಫೋನಿಗೆ ಹೋಗದೆ ದಾಖಲೆಗೆ ಮಾತ್ರ ಬೀಳಲಿ. ಪ್ರತಿ ಬೆಳಗ್ಗೆ ಅವನ್ನು ಓದಿ, ‘ಇದಕ್ಕೆ ನಾನು ಎದ್ದಿದ್ದರೆ ಏನು ಮಾಡುತ್ತಿದ್ದೆ?’ ಎಂದು ಪಕ್ಕದಲ್ಲಿ ಬರೆಯಿರಿ. ‘ಏನೂ ಇಲ್ಲ’ ಎಂಬ ಉತ್ತರ ಹೆಚ್ಚಾಗಿದ್ದಲ್ಲಿ ನೆಲಗಟ್ಟನ್ನು ಎತ್ತರಿಸಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಸುತ್ತಿ ಬರುವ ಮೀಟರು. 32 ಬಿಟ್‌ನ ಬೈಟ್ ಕೌಂಟರು 4,29,49,67,295ರವರೆಗೆ ಎಣಿಸಿ, ಮತ್ತೆ ಸೊನ್ನೆಯಿಂದ ಆರಂಭಿಸುತ್ತದೆ. 100 ಮೆಗಾಬಿಟ್‌ನ ಲಿಂಕು ತುಂಬಿ ಹರಿಯುತ್ತಿದ್ದರೆ ಒಂದು ಸುತ್ತಿಗೆ ಸುಮಾರು 344 ಸೆಕೆಂಡು. ಗಿಗಾಬಿಟ್ ಲಿಂಕಿನಲ್ಲಿ ಬರಿಯ 34. ಐದು ನಿಮಿಷಕ್ಕೊಮ್ಮೆ ಓದುವವರಿಗೆ ಆ ನಡುವೆ ಮೀಟರು ಎಷ್ಟು ಸುತ್ತು ತಿರುಗಿತೆಂದು ತಿಳಿಯುವ ದಾರಿಯೇ ಇಲ್ಲ. ಗಿಗಾಬಿಟ್ ಮತ್ತು ಅದಕ್ಕೆ ಮೇಲ್ಪಟ್ಟ ಪೋರ್ಟುಗಳಲ್ಲಿ 64 ಬಿಟ್‌ನ ಕೌಂಟರನ್ನೇ ಓದುತ್ತಿದ್ದೀರಾ ಎಂಬುದನ್ನು ಇವತ್ತೇ ಪರಿಶೀಲಿಸಿ.

ಮರುಪ್ರಾರಂಭವನ್ನು ಪ್ರವಾಹವೆಂದು ತಿಳಿಯುವುದು. ಸ್ವಿಚ್ಚು ವಿದ್ಯುತ್ ಹೋಗಿ ಬಂದಾಗ ಕೌಂಟರು ಸೊನ್ನೆಗೆ ಮರಳುತ್ತದೆ. ಹಿಂದಿನ ಅಳತೆ 50 ಕೋಟಿ, ಈಗಿನದು 20 ಲಕ್ಷ ಎಂದಿಟ್ಟುಕೊಳ್ಳಿ. ಮೀಟರು ಸುತ್ತಿಬಂದಿದೆಯೆಂದು ನಂಬುವ ತಂತ್ರಾಂಶವು ನಡುವೆ 379 ಕೋಟಿ ಬೈಟುಗಳು ಹರಿದುವೆಂದು ಲೆಕ್ಕಹಾಕಿ, ಐದು ನಿಮಿಷಕ್ಕೆ ಹಂಚಿ, 101 ಮೆಗಾಬಿಟ್‌ನ ದಟ್ಟಣೆಯನ್ನು ತೋರಿಸುತ್ತದೆ. ಅಷ್ಟು ಅಲ್ಲಿ ಹರಿದೇ ಇಲ್ಲ. ಅಳತೆಗಳನ್ನು ದಾಖಲಿಸುವ ಆರ್‌ಆರ್‌ಡಿಟೂಲ್ ಎಂಬ ತಂತ್ರಾಂಶದ ಕೌಂಟರ್ ಬಗೆ ಹೀಗೆ ಮಾಡುತ್ತದೆ. ಅದರ ಡಿರೈವ್ ಬಗೆಗೆ ಕನಿಷ್ಠ ಸೊನ್ನೆಯೆಂದು ಕೊಟ್ಟರೆ ಆ ಅಳತೆ ಅಜ್ಞಾತವೆಂದು ಬಿಟ್ಟುಹೋಗುತ್ತದೆ. ಜಬಿಕ್ಸ್‌ನ ಪ್ರತಿ ಸೆಕೆಂಡಿನ ಬದಲಾವಣೆಯ ಲೆಕ್ಕವು ಇಳಿದ ಅಳತೆಯನ್ನು ಕೈಬಿಟ್ಟು ಮುಂದಿನದಕ್ಕೆ ಕಾಯುತ್ತದೆ; ಪ್ರೊಮಿಥಿಯಸ್ ಇಳಿಕೆಯನ್ನು ಮರುಪ್ರಾರಂಭವೆಂದೇ ಎಣಿಸುತ್ತದೆ. ನಿಮ್ಮದು ಯಾವುದು ಎಂಬುದನ್ನು ತಿಳಿಯದೆ ಮಿತಿಯಿಡಬೇಡಿ. ಮರುಪ್ರಾರಂಭವನ್ನು ಪತ್ತೆಹಚ್ಚಲು ಉಪಕರಣವು ಎದ್ದಿರುವ ಕಾಲವನ್ನು ನೋಡುವವರು ಇನ್ನೊಂದನ್ನೂ ನೆನಪಿಡಬೇಕು: ಎಸ್‌ಎನ್‌ಎಂಪಿಯಲ್ಲಿ ಆ ಅಂಕಿ ಸೆಕೆಂಡಿನ ನೂರನೆಯ ಭಾಗದಲ್ಲಿರುವುದರಿಂದ 497 ದಿನಗಳಿಗೊಮ್ಮೆ ತಾನೂ ಸೊನ್ನೆಗೆ ಮರಳುತ್ತದೆ.

ಏರಿಕೆಯನ್ನು ಮಾತ್ರ ಕಾಯುವುದು. ಈ ತಪ್ಪನ್ನು ಮಾಡಿದವನ ಕಥೆಯನ್ನು ಆರಂಭದಲ್ಲಿಯೇ ಹೇಳಿದ್ದಾಗಿದೆ.

ಅಳತೆಯೇ ಬಾರದಿರುವುದನ್ನು ಮರೆಯುವುದು. ಅಳತೆಯಿಲ್ಲದಿದ್ದಲ್ಲಿ ವ್ಯತ್ಯಾಸವಿಲ್ಲ, ವ್ಯತ್ಯಾಸವಿಲ್ಲದಿದ್ದಲ್ಲಿ ಎಚ್ಚರಿಕೆಯೂ ಇಲ್ಲ. ಮೂರು ಬಾರಿ ಸತತವಾಗಿ ಅಳತೆ ತಪ್ಪಿದರೆ ತಿಳಿಸುವ ಪ್ರತ್ಯೇಕ ನಿಯಮವೊಂದು ಪ್ರತಿಯೊಂದು ವೇಗದ ನಿಯಮದ ಜೊತೆಗೂ ಇರತಕ್ಕದ್ದು.

ಗಡಿಯಾರದ ಭೇದ. ಹಗಲಿನ ಹೊತ್ತಿಗೆ ಮಾತ್ರ ಅನ್ವಯಿಸಬೇಕೆಂದು ಬರೆದ ನಿಯಮ ಅಕಾಲದಲ್ಲಿ ಕೂಗುತ್ತಿದ್ದರೆ ಇದನ್ನು ಮೊದಲು ನೋಡಿ. ಪ್ರೊಮಿಥಿಯಸ್‌ನ ನಿಯಮಗಳು ಗಂಟೆಯನ್ನು ವಿಶ್ವ ಸಮನ್ವಿತ ಕಾಲದಲ್ಲಿ ಎಣಿಸುತ್ತವೆ. ನಮ್ಮ ಕಾಲ ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ ನಮ್ಮ ಬೆಳಗಿನ 7 ಗಂಟೆ ಅಲ್ಲಿ 1 ಗಂಟೆ 30 ನಿಮಿಷ. ಆ ಅರ್ಧ ಗಂಟೆಯ ದೆಸೆಯಿಂದ ಗಂಟೆಯೊಂದನ್ನೇ ಹೋಲಿಸಿದರೆ ಸಾಲದು, ನಿಮಿಷವನ್ನೂ ಸೇರಿಸಬೇಕು.

ಎಲ್ಲವನ್ನೂ ಕಟ್ಟಿಯಾದ ಮೇಲೆ ಒಂದು ಪರೀಕ್ಷೆ ಉಳಿದಿರುತ್ತದೆ. ಕೇಬಲನ್ನು ಕಿತ್ತು ನೋಡುವುದರಿಂದ ಪ್ರಯೋಜನವಿಲ್ಲ. ಆಗ ಪೋರ್ಟು ಬಿತ್ತೆಂಬ ಬೇರೊಂದು ಎಚ್ಚರಿಕೆ ಹೊರಡುತ್ತದೆ. ಬಳಸುವವರಿಗೆ ಮುಂಚಿತವಾಗಿ ತಿಳಿಸಿ, ಭಾನುವಾರದ ಮಧ್ಯಾಹ್ನದಂತಹ ಬಿಡುವಿನದಾದರೂ ವಾಡಿಕೆಯ ದಟ್ಟಣೆ ನೆಲಗಟ್ಟಿಗಿಂತ ಸಾಕಷ್ಟು ಮೇಲಿರುವ ಹೊತ್ತನ್ನು ಆರಿಸಿಕೊಂಡು, ಹೊರಸಂಪರ್ಕದ ಪೋರ್ಟಿನ ವೇಗವನ್ನು ಸಂರಚನೆಯಲ್ಲಿ 10 ಮೆಗಾಬಿಟ್‌ಗೆ ಬಿಗಿಹಿಡಿಯಿರಿ. ಗಡಿಯಾರ ನೋಡುತ್ತ ಕುಳಿತುಕೊಳ್ಳಿ: ಇಪ್ಪತ್ತು ನಿಮಿಷದೊಳಗೆ ಸಂದೇಶ ಬರಬೇಕು, ಅದರಲ್ಲಿ ಹಳೆಯ ಅಂಕಿಯೂ ಹೊಸ ಅಂಕಿಯೂ ಇರಬೇಕು, ಇನ್ನೊಂದು ಇಪ್ಪತ್ತು ನಿಮಿಷ ಹಾಗೆಯೇ ಬಿಟ್ಟರೂ ‘ಪರಿಹಾರವಾಯಿತು’ ಎಂಬ ಸಂದೇಶ ಬರಕೂಡದು. ಬಿಗಿಯನ್ನು ಸಡಿಲಿಸಿದ ಮೇಲೆ, ದಟ್ಟಣೆ ವಾಡಿಕೆಯ ಮುಕ್ಕಾಲನ್ನು ದಾಟಿದಾಗ, ಅದು ಒಂದೇ ಒಂದು ಬಾರಿ ಬರಬೇಕು.